ಬನಾವೆಯ ಗದ್ದೆಗಳಿಗೆ ವಯಸ್ಸೆಷ್ಟು?

ಫಿಲಿಪ್ಪೀನ್ಸ್‌ನ 20 ಪೆಸೊ ನೋಟಿನ ಹಿಂಬದಿಯಲ್ಲಿ ಬೆಟ್ಟದ ಬುಡದಿಂದ ನೆತ್ತಿಯವರೆಗೆ ಒಂದರ ಮೇಲೊಂದು ಏರಿ ನಿಂತ ಭತ್ತದ ಗದ್ದೆಗಳ ಚಿತ್ರವಿದೆ. ಆ ಗದ್ದೆಗಳ ಊರು ಬನಾವೆ. ಲುಜಾನ್ ದ್ವೀಪದ ಉತ್ತರ ಭಾಗದಲ್ಲಿ, ಕಾರ್ಡಿಲ್ಲೆರಾ ಪರ್ವತ ಸಾಲಿನ ಇಫುಗಾವ್ ಪ್ರಾಂತ್ಯಕ್ಕೆ ಸೇರಿದ್ದು. ಮನಿಲಾದಿಂದ ಸುಮಾರು 350 ಕಿ.ಮೀ. ದೂರ; ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯಬಹುದು. ಈ ಊರಿನ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ಗದ್ದೆಗಳಿಗೆ 2000 ವರ್ಷ ಎಂದುಬಿಡುತ್ತಾರೆ. ಪ್ರವಾಸಿ ಕೈಪಿಡಿಗಳಿರಲಿ, ಯುನೆಸ್ಕೊದ ವಿವರಣೆಯಲ್ಲೂ ಅದೇ ಲೆಕ್ಕ. ಈ ಲೆಕ್ಕ ಬಹುಮಟ್ಟಿಗೆ ತಪ್ಪು. ತಪ್ಪೆಂದು ಒಪ್ಪಿಕೊಂಡಾಗಲೇ ಬನಾವೆ ಎಂಥ ಊರೆಂಬುದು ಸರಿಯಾಗಿ ಕಾಣತೊಡಗುವುದು.

ಲೆಕ್ಕ ಹುಟ್ಟಿದ್ದು ಹೀಗೆ. ಅಮೆರಿಕದ ಆಡಳಿತ ಕಾಲದಲ್ಲಿ, 1905ರ ಹೊತ್ತಿಗೆ, ಹೆನ್ರಿ ಓಟ್ಲಿ ಬೇಯರ್ ಎಂಬ ತರುಣ ಶಾಲಾ ಮಾಸ್ತರರಾಗಿ ಬನಾವೆಗೆ ಬಂದರು. ಮುಂದೆ ಫಿಲಿಪ್ಪೀನ್ಸ್‌ನ ಮಾನವಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಅವರೇ. ಇಫುಗಾವ್ ಜನರ ಕಟ್ಟಳೆಗಳ ಬಗ್ಗೆ 1919ರಲ್ಲಿ ಪುಸ್ತಕ ಬರೆದ ರಾಯ್ ಬಾರ್ಟನ್ ಅವರ ಸಮಕಾಲೀನರು. ಇಷ್ಟು ಬೆಟ್ಟವನ್ನು ಬರಿಗೈಯಲ್ಲಿ, ಮರದ ಗುದ್ದಲಿಯಲ್ಲಿ ಕಡಿದು ಕಟ್ಟಲು ಎಷ್ಟು ಕಾಲ ಬೇಕಾದೀತು ಎಂದು ಇವರು ಅಂದಾಜು ಮಾಡಿದರು, ಅಷ್ಟೆ. ಅಗೆದು ನೋಡಿ ಹೇಳಿದ ಮಾತಲ್ಲ. ಸ್ಪೇನಿನವರ ದಾಖಲೆಗಳನ್ನು ಜಾಲಾಡಿದ ಫೀಲಿಕ್ಸ್ ಕೀಸಿಂಗ್, ಗದ್ದೆಗಳು ಅಷ್ಟು ಹಳೆಯವಲ್ಲ ಎಂದು 1962ರಲ್ಲೇ ಹೊರಬಂದ ಪುಸ್ತಕದಲ್ಲಿ ವಾದಿಸಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಪುರಾತತ್ತ್ವಜ್ಞ ಸ್ಟೀಫನ್ ಅಕಾಬಾಡೊ ಬನಾವೆಯ ಬೊಕೋಸ್ ಗದ್ದೆಗಳ ಕಾಲಗಣನೆಯನ್ನು 2009ರಲ್ಲಿ ಪ್ರಕಟಿಸಿದರು. 2012ರಿಂದ ನೆರೆಯ ಕಿಯಾಂಗನ್‌ನ ಹಳೆಯ ಹಳ್ಳಿಯ ನೆಲೆಯಲ್ಲಿ ಉತ್ಖನನ ನಡೆಯಿತು. ಹಳೆಯ ಪದರಗಳಲ್ಲಿ ಸಿಕ್ಕಿದ್ದು ಕೆಸುವಿನ ಗಡ್ಡೆಯ ಕುರುಹು. ನೀರುಗದ್ದೆಯ ಭತ್ತ ಕಾಣಿಸಿಕೊಳ್ಳುವುದು 17ನೆಯ ಶತಮಾನದಲ್ಲಿ. ಅಂದರೆ ವಯಸ್ಸು ಹೆಚ್ಚೂಕಮ್ಮಿ 400 ವರ್ಷ.

ಆ ಶತಮಾನವೇ ಏಕೆ? ಬೆಟ್ಟದ ಕೆಳಗಿನ ಕಗಾಯಾನ್ ಮತ್ತು ಮಗಾತ್ ನದಿಗಳ ಬಯಲಿಗೆ ಸ್ಪೇನಿನವರು ಕಾಲಿಟ್ಟಿದ್ದು ಅದೇ ಸುಮಾರಿಗೆ. ಕಪ್ಪಕಾಣಿಕೆ, ಬಿಟ್ಟಿ ದುಡಿಮೆ, ಚರ್ಚಿನ ಸುತ್ತ ಊರು ಕಟ್ಟಿ ನೆಲೆಸಬೇಕೆಂಬ ಒತ್ತಾಯ. ಇವನ್ನೊಲ್ಲದ ಬಯಲ ಜನ ಮೇಲೆ ಹತ್ತಿದರು, ಭತ್ತವೂ ಅವರ ಜೊತೆ ಹತ್ತಿತು ಎಂಬುದು ಅಕಾಬಾಡೊ ಅವರ ವಿವರಣೆ. ಭತ್ತಕ್ಕೆ ಕೆಸುವಿಗಿಂತ ಹೆಚ್ಚು ಆಳು ಬೇಕು, ಕಾಲಕ್ಕೆ ಸರಿಯಾಗಿ ಹಂಚುವ ನೀರು ಬೇಕು, ಮುಯ್ಯಾಳಿನ ಕಟ್ಟುಪಾಡು ಬೇಕು. ಅಷ್ಟು ಜನರನ್ನು ಒಟ್ಟು ಸೇರಿಸಬಲ್ಲ ಸಮಾಜ ತನ್ನನ್ನು ಕಾಯ್ದುಕೊಳ್ಳಲೂ ಬಲ್ಲದು. ಸುಮಾರು ಮುನ್ನೂರು ವರ್ಷ ಸುತ್ತ ಠಿಕಾಣಿ ಹೂಡಿದ್ದರೂ ಸ್ಪೇನಿನವರಿಗೆ ಈ ಬೆಟ್ಟಗಳ ಮೇಲೆ ಗಟ್ಟಿ ಹಿಡಿತ ಸಿಗಲೇ ಇಲ್ಲ.

ಈ 400 ವರ್ಷದ ಲೆಕ್ಕಕ್ಕೆ ತಕರಾರುಗಳಿವೆ. ಇಷ್ಟು ದೊಡ್ಡ ಕೆಲಸ ಅಷ್ಟು ಬೇಗ ಆಗುವುದುಂಟೇ ಎಂಬುದು ಒಂದು. ಬೇಯರ್ ಲೆಕ್ಕ ಹಾಕಿದ್ದು ಕೆಲವೇ ಜನ ನಿಧಾನಕ್ಕೆ ಕಟ್ಟಿದರೆಂದು. ಬಯಲಿನಿಂದ ಜನ ಬಂದು ಸೇರಿದ ಮೇಲೆ ಆ ಲೆಕ್ಕ ನಿಲ್ಲುವುದಿಲ್ಲ. ಕುಸಿದ ಬದುವನ್ನು ವರ್ಷವರ್ಷ ಮತ್ತೆ ಕಟ್ಟುವುದರಿಂದ ಹಳೆಯ ಕುರುಹು ಅಳಿದಿರಬಹುದಲ್ಲ ಎಂಬುದು ಇನ್ನೊಂದು. ಇದು ತೂಕದ ಮಾತು. ಕೆಸು ಬೆಳೆಯುತ್ತಿದ್ದ ಕೆಲವು ತಾಕುಗಳು ಹಳೆಯವೇ ಇರಬಹುದೆಂದು ಒಪ್ಪಬೇಕು. ಆದರೆ ಜನ ಬಾಳಿದ ಹಳ್ಳಿಯ ಕಸದ ಪದರಗಳಲ್ಲೂ ಹಿಂದಿನ ಭತ್ತ ಸಿಗದಿದ್ದಾಗ, ಅಳಿದಿರಬೇಕು ಎಂಬ ಸಮಾಧಾನ ಸಾಲದು. ಕಡೆಯದು ಅಭಿಮಾನದ ಪ್ರಶ್ನೆ: ವಯಸ್ಸು ಇಳಿಸಿದರೆ ಪೂರ್ವಜರನ್ನು ಇಳಿಸಿದಂತೆ ಅಲ್ಲವೇ? ನನಗೆ ಹಾಗೆ ಕಾಣುವುದಿಲ್ಲ. 2000 ವರ್ಷದ ಕಥೆಯಲ್ಲಿ ಇಫುಗಾವ್ ಜನ ಹೊರಜಗತ್ತಿನ ಗಾಳಿ ಸೋಕದೆ ಸುಮ್ಮನೆ ಉಳಿದವರು. 400 ವರ್ಷದ ಕಥೆಯಲ್ಲಿ ಸಾಮ್ರಾಜ್ಯವೊಂದರ ಕಣ್ಣೆದುರೇ ಬೆಟ್ಟ ಕಡಿದು ಅನ್ನ ಬೆಳೆದವರು.

ಊರಿನ ಕೃಷಿಯನ್ನು ಹತ್ತಿರದಿಂದ ನೋಡಿದರೂ ಕಾಣುವುದು ಈ ಜಾಣ್ಮೆಯೇ. ಗದ್ದೆಗಳ ನೆತ್ತಿಯಲ್ಲಿ ಪ್ರತಿ ಮನೆತನಕ್ಕೂ ‘ಮುಯೊಂಗ್’ ಎಂಬ ಸ್ವಂತ ಕಾಡಿನ ತುಂಡಿದೆ. ಸೌದೆ, ಮನೆಕಟ್ಟುವ ಮರ, ಅಡಿಕೆ ಎಲ್ಲ ಅಲ್ಲಿಂದಲೇ (ಎಲೆ, ಅಡಿಕೆ, ಸುಣ್ಣ ಮೆಲ್ಲುವುದರಲ್ಲಿ ಇಫುಗಾವ್ ಜನ ನಮ್ಮವರಿಗೇನೂ ಕಡಿಮೆಯಿಲ್ಲ). ಮಳೆನೀರನ್ನು ಹಿಡಿದಿಟ್ಟು ಜಿನುಗಿಸುವುದೂ ಆ ಕಾಡೇ. ಅಲ್ಲಿಂದ ನೀರು ತಾಕಿನಿಂದ ತಾಕಿಗೆ ಇಳಿಯುತ್ತದೆ. ಕಾಡು ಹೋದರೆ ಗದ್ದೆ ಒಣಗಿ ಬದು ಬಿರಿಯುತ್ತದೆ. ನಾಟಿ ತಳಿ ‘ತಿನವೊನ್’ ವರ್ಷಕ್ಕೊಂದೇ ಬೆಳೆ. ಚಳಿಗಾಲ ಕಳೆಯುವ ಹೊತ್ತಿಗೆ ನಾಟಿ, ಜುಲೈ ಹೊತ್ತಿಗೆ ಕೊಯ್ಲು. ತೆನೆಯನ್ನಷ್ಟೇ ಸಣ್ಣ ಕತ್ತಿಯಿಂದ ಕೊಯ್ದು, ಕಂತೆ ಕಟ್ಟಿ, ನಾಲ್ಕು ಕಂಬಗಳ ಮೇಲಿನ ಮನೆಯಲ್ಲೋ ಕಣಜದಲ್ಲೋ ಇಡುತ್ತಾರೆ. ಇಲಿ ಹತ್ತದಂತೆ ಪ್ರತಿ ಕಂಬದ ಕುತ್ತಿಗೆಗೆ ದುಂಡನೆಯ ಮರದ ಬಿಲ್ಲೆ ತೊಡಿಸಿರುತ್ತದೆ. ಗದ್ದೆಯಲ್ಲಿ ಹೆಂಗಸರು ಹಾಡುತ್ತಿದ್ದ ‘ಹುಡ್‌ಹುಡ್’ ಕಥನಗೀತಗಳಿಗೆ 2001ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿತು. ವಿಚಿತ್ರವೆಂದರೆ ಗದ್ದೆಗಳು ಯುನೆಸ್ಕೊದ ‘ಅಪಾಯದಲ್ಲಿರುವ ವಿಶ್ವ ಪರಂಪರೆ’ ಪಟ್ಟಿ ಸೇರಿದ್ದೂ ಅದೇ ವರ್ಷ, ಹೊರಬಂದಿದ್ದು 2012ರಲ್ಲಿ.

ಅಪಾಯ ಬಂದಿದ್ದು ಮುಪ್ಪಿನಿಂದಲ್ಲ, ಆಳಿನ ಕೊರತೆಯಿಂದ. ಗದ್ದೆಯೂ ಕಾಡೂ ಗಂಡಾಗಲಿ ಹೆಣ್ಣಾಗಲಿ ಹಿರಿಯ ಮಗುವಿಗೆ ಹೋಗುವುದು ಇಲ್ಲಿನ ಪದ್ಧತಿ. ಆಸ್ತಿ ಚೂರಾಗಲಿಲ್ಲ, ನಿಜ. ಕಿರಿಯರು ಮಾತ್ರ ಊರು ಬಿಡಬೇಕಾಯಿತು. ಹೊರಗಿನಿಂದ ಬಂದ ಹೊಂಬಣ್ಣದ ಬಸವನಹುಳು ಎಳೆ ಸಸಿ ಮೇಯುತ್ತದೆ, ದೊಡ್ಡ ಎರೆಹುಳುಗಳು ಬದುವಿಗೆ ತೂತು ಕೊರೆಯುತ್ತವೆ. ಇವನ್ನೆಲ್ಲ ದಿನವೂ ನೋಡಿಕೊಳ್ಳಲು ಮನೆಯಲ್ಲಿ ಕೈಗಳಿಲ್ಲ. 1995ರ ವಿಶ್ವ ಪರಂಪರೆ ಪಟ್ಟಿಯಲ್ಲಿ ಬನಾವೆಯ ಬತಾದ್ ಮತ್ತು ಬಂಗಾನ್ ಹಳ್ಳಿಗಳ ಗದ್ದೆಗಳಿವೆ. ಪ್ರವಾಸಿಗರು ಸಾಲುಗಟ್ಟಿ ಫೋಟೊ ತೆಗೆಯುವ ಪೇಟೆಯ ಬಳಿಯ ಗದ್ದೆಗಳಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಬನಾವೆಗೆ ಹೋಗುವವರು ಬತಾದ್‌ವರೆಗೆ ನಡೆದೇ ಹೋಗಬೇಕು. ಗೈಡ್ 2000 ವರ್ಷ ಎಂದರೆ ಜಗಳವಾಡುವುದು ಬೇಡ. ಈ ಸಲ ಕುಸಿದ ಬದುವನ್ನು ಕಟ್ಟಿದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು ಎಂದು ಕೇಳಿ. ಸಿಕ್ಕರೆ ಒಂದೆರಡು ಕಿಲೊ ತಿನವೊನ್ ಅಕ್ಕಿಯನ್ನು ಬೆಳೆದವರ ಕೈಯಿಂದಲೇ ಕೊಂಡುಕೊಳ್ಳಿ.