ಗಾಳಿಯಂತ್ರಕ್ಕೂ ಮೊದಲು ನೆಲ ನೋಡಿ
ಗಾಳಿ ವಿದ್ಯುತ್ ಅಂದ್ರೆ ಯಾರಿಗೂ ತೊಂದರೆ ಇಲ್ಲ ಅಂತಲೇ ನಾನೂ ಅಂದ್ಕೊಂಡಿದ್ದೆ. ಆದರೆ ಯಂತ್ರ ನಿಲ್ಲಿಸೋಕೆ ಗುಡ್ಡ ಕಡಿದು ರಸ್ತೆ ಮಾಡಬೇಕು, ಪಾಯ ತೋಡಬೇಕು.

ಐರ್ಲೆಂಡಿನ ಡೆರಿಬ್ರಿಯನ್ ನೋಡಿ. ಅಲ್ಲಿನ ಬೆಟ್ಟದ ಮೇಲಿರೋದು ಪೀಟ್, ಅಂದರೆ ಸ್ಪಂಜಿನಂತೆ ನೀರು ಹೀರಿಕೊಂಡ, ಅರೆಕೊಳೆತ ಗಿಡಗಳ ಪದರ. ಮೇಲೆ ಭಾರ ಬಿದ್ದರೆ, ನೀರಿನ ದಾರಿ ತಪ್ಪಿದರೆ ಅದು ಜಾರುತ್ತೆ. 70 ಯಂತ್ರಗಳ ಕಾಮಗಾರಿ ನಡೀತಿದ್ದಾಗ, 2003ರ ಅಕ್ಟೋಬರ್‌ನಲ್ಲಿ ಲಕ್ಷಾಂತರ ಘನ ಮೀಟರ್ ಪೀಟ್ ಜಾರಿ ಹೊಳೆ ಸೇರಿತು. ಸಾವಿರಾರು ಮೀನು ಸತ್ತವು. ಸರಿಯಾದ ಪರಿಸರ ಪರಿಣಾಮ ಅಧ್ಯಯನ ಆಗಿರಲಿಲ್ಲ. 2019ರಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡಿಗೆ 50 ಲಕ್ಷ ಯೂರೋ ದಂಡ ಹಾಕಿತು.

ಚಿತ್ರದುರ್ಗ, ಗದಗದ ಗುಡ್ಡಗಳ ಮಣ್ಣು ಬೇರೆ. ಆದರೂ ಕೇಳಬೇಕಾದ ಪ್ರಶ್ನೆ ಅದೇ: ಇಳಿಜಾರು ಎಷ್ಟು? ಅಗೆದ ಮಣ್ಣು ಎಲ್ಲಿಗೆ? ಮಳೆ ಬಂದಾಗ ಅದು ಯಾರ ಕೆರೆಗೆ ಹೋಗುತ್ತೆ?