ಹೊಸ ತಲೆಮಾರಿನ ಮೊಬೈಲ್ ಜಾಲ: ವೆಚ್ಚ ಯಾರದು, ಹೊರೆ ಯಾರಿಗೆ?

ಇಂದು ವರ್ತಕನ ಅಂಗಡಿಯಲ್ಲಿ ತಕ್ಕಡಿಯಷ್ಟೇ ಅನಿವಾರ್ಯವಾಗಿರುವುದು ಮೊಬೈಲ್ ಸಂಪರ್ಕ. ಹಣ ಸಂದಾಯವಾದುದನ್ನು ಘೋಷಿಸುವ ಧ್ವನಿಪೆಟ್ಟಿಗೆ, ಕಾರ್ಡ್ ಯಂತ್ರ, ಸರಕು ವಾಹನದ ಜಿಪಿಎಸ್ ಉಪಕರಣ ಇವೆಲ್ಲವೂ ಅದನ್ನೇ ಅವಲಂಬಿಸಿವೆ. ಆದುದರಿಂದ ದೇಶವು ಒಂದು ತಲೆಮಾರಿನ ಜಾಲದಿಂದ ಮುಂದಿನದಕ್ಕೆ ಸಾಗುವಾಗ ಎದುರಾಗುವ ತೊಡಕುಗಳನ್ನು ದೂರಸಂಪರ್ಕ ಕಂಪನಿಗಳ ಚಿಂತೆ ಮಾತ್ರವೆಂದು ನಾವು ಭಾವಿಸಲಾಗದು.

ತರಂಗಾಂತರದ ಬೆಲೆ

ಹೊಸ ಜಾಲಕ್ಕೆ ಮೊದಲು ಬೇಕಾದುದು ತರಂಗಾಂತರ, ಅಂದರೆ ಸ್ಪೆಕ್ಟ್ರಂ. 2010ರ 3ಜಿ ಹರಾಜು 183 ಸುತ್ತುಗಳವರೆಗೆ ನಡೆದು ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿಗಳನ್ನು ತಂದಿತು. ಕರ್ನಾಟಕ ವಲಯದ 5 ಮೆಗಾಹರ್ಟ್ಸ್‌ಗೆ ಸುಮಾರು 1,580 ಕೋಟಿ ರೂಪಾಯಿ ಬೆಲೆ ಬಂದಿತು. ಆ ಹಣವನ್ನು ಒಂದೇ ಕಂತಿನಲ್ಲಿ ಕಟ್ಟಬೇಕಾಗಿತ್ತು. ನಿವೇಶನಕ್ಕೇ ಕೈಯಲ್ಲಿದ್ದುದೆಲ್ಲವನ್ನೂ ಸುರಿದವನು ಮನೆ ಕಟ್ಟಲು ಪರದಾಡುವಂತೆ, ಕಂಪನಿಗಳು ಗೋಪುರಗಳಿಗಾಗಿ ಮತ್ತೆ ಸಾಲ ಮಾಡಬೇಕಾಯಿತು.

ಈ ಅನುಭವದ ಪಾಠ ವ್ಯರ್ಥವಾಗಲಿಲ್ಲ. 2022ರ 5ಜಿ ಹರಾಜಿನ ಮೊತ್ತ 1,50,173 ಕೋಟಿ ರೂಪಾಯಿ. ಆದರೆ ಅದನ್ನು 20 ವಾರ್ಷಿಕ ಕಂತುಗಳಲ್ಲಿ ಕಟ್ಟಲು ಅವಕಾಶವಿತ್ತು. ಹೊರೆ ಕರಗಲಿಲ್ಲ, ಬಡ್ಡಿಯೊಡನೆ ವರ್ಷಗಳ ಮೇಲೆ ಹರಡಿತು.

ಹಳೆಯದನ್ನು ಮುಚ್ಚುವ ಕಷ್ಟ

3ಜಿ ತರಂಗಾಂತರವನ್ನು ಕೊಂಡದ್ದು 20 ವರ್ಷಗಳಿಗೆ. ಆದರೆ ಅದನ್ನು ಕೊಂಡಿದ್ದ ಏರ್‌ಟೆಲ್, 2020ರ ವೇಳೆಗೆ 3ಜಿ ಸೇವೆಯನ್ನೇ ನಿಲ್ಲಿಸಿ ಅದೇ ತರಂಗಾಂತರವನ್ನು 4ಜಿಗೆ ಬಳಸತೊಡಗಿತು. ತರಂಗಾಂತರ ಭೂಮಿ, ತಲೆಮಾರು ಅದರ ಮೇಲಿನ ಬೆಳೆ. ಭೂಮಿ ಉಳಿಯಿತು, ಬೆಳೆಯನ್ನು ನಂಬಿ ಉಪಕರಣ ಕೊಂಡವರು ನಷ್ಟಕ್ಕೊಳಗಾದರು. ನಾನು ಲೆಕ್ಕ ಪರಿಶೋಧಿಸುವ ಸಣ್ಣ ಸಂಸ್ಥೆಯೊಂದು ಗೋದಾಮುಗಳಿಗೆಂದು ಕೊಂಡಿದ್ದ 3ಜಿ ರೂಟರ್‌ಗಳನ್ನು, ಅವು ಸುಸ್ಥಿತಿಯಲ್ಲಿದ್ದರೂ, ಲೆಕ್ಕಪುಸ್ತಕದಿಂದ ತೆಗೆದುಹಾಕಬೇಕಾಯಿತು.

2ಜಿಯ ಕಥೆ ಇದಕ್ಕೆ ವಿರುದ್ಧ. ಕೀಲಿಮಣೆಯ ಸಾದಾ ಫೋನ್ ಹಿಡಿದವರೂ ಅನೇಕ ಹಳೆಯ ಯಂತ್ರಗಳೂ ಅದನ್ನೇ ನೆಚ್ಚಿರುವುದರಿಂದ ಅದನ್ನು ಸುಲಭವಾಗಿ ಮುಚ್ಚಲಾಗದು. ಹೀಗೆ ಒಂದೇ ಕಂಪನಿ ಹಲವು ತಲೆಮಾರುಗಳನ್ನು ಏಕಕಾಲಕ್ಕೆ ಸಾಕಬೇಕಾಗುತ್ತದೆ. ವಿದ್ಯುತ್, ಬಾಡಿಗೆ, ದುರಸ್ತಿಯ ಖರ್ಚು ಅದರೊಡನೆ ಬೆಳೆಯುತ್ತದೆ.

ಗೋಪುರ, ಕೇಬಲ್, ಯಂತ್ರ

5ಜಿಗೆ ಮುಖ್ಯವಾಗಿ ಬಳಸುವ 3,300 ಮೆಗಾಹರ್ಟ್ಸ್ ಶ್ರೇಣಿಯ ತರಂಗಗಳು ಕೆಳ ಶ್ರೇಣಿಯವುಗಳಷ್ಟು ದೂರ ಸಾಗವು, ಗೋಡೆಗಳನ್ನು ಸುಲಭವಾಗಿ ದಾಟವು. ಆದುದರಿಂದ ಹೆಚ್ಚು ಗೋಪುರಗಳೂ ಅವುಗಳಿಗೆ ಆಪ್ಟಿಕಲ್ ಫೈಬರ್ ಸಂಪರ್ಕವೂ ಬೇಕು. ರಸ್ತೆ ಅಗೆಯಲು ಸ್ಥಳೀಯ ಸಂಸ್ಥೆಗಳ ಅನುಮತಿ ಪಡೆಯುವುದೇ ದೀರ್ಘಕಾಲದ ತೊಡಕಾಗಿತ್ತು. ಇದನ್ನು ಏಕರೂಪಗೊಳಿಸುವ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದವು.

ಯಂತ್ರಗಳನ್ನು ವಿದೇಶದಿಂದ ತರಿಸಬೇಕೇ, ಇಲ್ಲಿಯೇ ತಯಾರಿಸಬೇಕೇ ಎಂಬುದೂ ದೊಡ್ಡ ಪ್ರಶ್ನೆ. ಬಿಎಸ್ಎನ್ಎಲ್ ಸ್ವದೇಶಿ ತಂತ್ರಜ್ಞಾನದ 4ಜಿ ಜಾಲವನ್ನು 2025ರ ಸೆಪ್ಟೆಂಬರ್‌ನಲ್ಲಿ ಲೋಕಾರ್ಪಣೆಗೊಳಿಸಿತು. ಅದರ ರೇಡಿಯೋ ಉಪಕರಣಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಜಿಯೋ 4ಜಿ ಆರಂಭಿಸಿದ್ದು 2016ರಲ್ಲಿ. ಒಂಬತ್ತು ವರ್ಷಗಳ ಈ ಅಂತರವು ಸ್ವಾವಲಂಬನೆಗೆ ತಗಲುವ ಕಾಲವನ್ನೂ, ಅದು ನಮ್ಮ ತಯಾರಕರಿಗೆ ತೆರೆಯುವ ಅವಕಾಶವನ್ನೂ ಒಟ್ಟಿಗೆ ತೋರಿಸುತ್ತದೆ.

ನಾವು ಮಾಡಬೇಕಾದುದೇನು?

ಕಂಪನಿಗಳ ವೆಚ್ಚ ಕೊನೆಗೆ ಬಳಕೆದಾರನ ಬಿಲ್ಲಿಗೇ ಬರುತ್ತದೆ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದುದನ್ನು ಸದಸ್ಯರು ಮರೆತಿರಲಾರರು. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

1. ಸಂಪರ್ಕ ಉಪಕರಣ ಕೊಳ್ಳುವಾಗ ಅದು ಯಾವ ತಲೆಮಾರಿನದೆಂದು ಬರಹದಲ್ಲಿ ಕೇಳಿರಿ. ಕೇವಲ 2ಜಿಯಲ್ಲಿ ನಡೆಯುವುದನ್ನು ಅಗ್ಗವೆಂದು ಕೊಳ್ಳದಿರಿ.

2. ಉಪಕರಣದ ಆಯುಷ್ಯವನ್ನು ಅದು ಕೆಡುವ ಕಾಲದಿಂದಷ್ಟೇ ಅಳೆಯದೆ, ಜಾಲದ ಆಯುಷ್ಯದಿಂದಲೂ ಅಳೆದು ಬದಲಾವಣೆಗೆ ಹಣ ತೆಗೆದಿರಿಸಿರಿ.

3. ವ್ಯವಹಾರದ ಸಂಪರ್ಕಗಳಿಗೆ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿರಿ. ಶೇ. 18ರ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯ ನೋಂದಾಯಿತರಿಗೆ ದೊರೆಯುತ್ತದೆ; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ದೊರೆಯದು.

ಜಾಲದ ತಲೆಮಾರು ಬದಲಾಗುವ ದಿನವನ್ನು ನಾವು ನಿರ್ಧರಿಸಲಾರೆವು. ಆ ದಿನ ನಮ್ಮ ಅಂಗಡಿಯ ಯಂತ್ರ ಮೂಕವಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.