ಹತ್ತು ಎಚ್‌ಪಿ ಮೋಟರಿಗೆ ಎಷ್ಟು ದೊಡ್ಡ ಜನರೇಟರ್?

 ಮೈಸೂರು-ನಂಜನಗೂಡು ಸೀಮೆಯ ತೋಟದಲ್ಲಿ ತ್ರೀ ಫೇಸ್ ಕರೆಂಟು ಕೈಕೊಟ್ಟಾಗ ಬೋರ್‌ವೆಲ್ಲಿಗೆ ಡೀಸೆಲ್ ಜನರೇಟರ್ ಹೂಡುವ ರೈತನಿಗೂ, ಕಡಲಲ್ಲಿ ಲಂಗರು ಎತ್ತಲು ಮೋಟರ್ ಓಡಿಸಬೇಕಾದ ನಾವಿಕನಿಗೂ ಎದುರಾಗುವ ಸಮಸ್ಯೆ ಒಂದೇ. 10 ಎಚ್‌ಪಿ ಅಂದರೆ ಸುಮಾರು ಏಳೂವರೆ ಕಿಲೋವ್ಯಾಟ್. ಹಾಗಿದ್ದ ಮೇಲೆ 12 ಕೆವಿಎ ಜನರೇಟರ್ ಧಾರಾಳ ಸಾಕಲ್ಲ? ಸ್ವಿಚ್ ಒತ್ತಿದರೆ ಸ್ಟಾರ್ಟರ್ ಕಟಕಟ ಅಂದು ಬಿಟ್ಟುಕೊಳ್ಳುತ್ತದೆ. ಮೋಟರ್ ಗುಂಯ್‌ಗುಟ್ಟುತ್ತದೆಯೇ ಹೊರತು ನೀರು ಬರುವುದಿಲ್ಲ.

ಓಡುವ ಮೋಟರು ಬೇರೆ, ನಿಂತ ಮೋಟರು ಬೇರೆ. ನಂಜನಗೂಡಿನ ತೇರು ಕದಲುವ ತನಕವೇ ಕಷ್ಟ, ಆಮೇಲೆ ಹಗ್ಗ ಹಿಡಿದವರಿಗೆ ಅಷ್ಟು ಭಾರವಿಲ್ಲ. ಆದರೆ ಈ ಹೋಲಿಕೆ ಅರ್ಧ ಮಾತ್ರ ಸರಿ. ತಿರುಗುವ ಮೋಟರು ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಒಳಬರುವ ಕರೆಂಟಿಗೆ ತಡೆ ಹಾಕುತ್ತದೆ. ನಿಂತಾಗ ಆ ತಡೆ ಇರುವುದಿಲ್ಲ. ಆದ್ದರಿಂದ 15 ಆಂಪಿಯರ್ ಸುತ್ತಮುತ್ತ ಓಡುವ ಮೋಟರು ನೇರ ಸ್ಟಾರ್ಟ್ ಆಗುವ ಆ ಒಂದೆರಡು ಸೆಕೆಂಡು ಐದಾರು ಪಟ್ಟು, ಅಂದರೆ 80-90 ಆಂಪಿಯರ್ ಎಳೆಯುತ್ತದೆ. ಕೆವಿಎ ಲೆಕ್ಕದಲ್ಲಿ ಇದು 60ರ ಆಸುಪಾಸು.

ಊರಿನ ಲೈನಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೆಚ್ಚೆಂದರೆ ಬಲ್ಬು ಒಮ್ಮೆ ಮಂಕಾಗುತ್ತದೆ. ಅದರ ಹಿಂದೆ ಇಡೀ ಗ್ರಿಡ್ ನಿಂತಿದೆ. ದೋಣಿಯ ಜನರೇಟರಿಗೆ ಬೆನ್ನಿಗೆ ಯಾರೂ ಇಲ್ಲ.

ಇಲ್ಲಿ ತಮಾಷೆಯ ಸಂಗತಿ ಒಂದಿದೆ. ಮೊದಲ ಕ್ಷಣದ ಆ ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು ಕಡಿಮೆ. ಬಹುಪಾಲು ಮೋಟರಿನ ಕಾಂತಕ್ಷೇತ್ರಕ್ಕೆ ಹೋಗಿ ಬರುವಂಥದ್ದು. ಹೀಗಾಗಿ ಡೀಸೆಲ್ ಎಂಜಿನ್ ಅಷ್ಟೇನೂ ಏದುಸಿರು ಬಿಡುವುದಿಲ್ಲ. ಸೋಲುವುದು ಅದಕ್ಕೆ ಜೋಡಿಸಿದ ಆಲ್ಟರ್ನೇಟರ್. ವೋಲ್ಟೇಜ್ ಕುಸಿಯುತ್ತದೆ. ಮೋಟರಿನ ತಿರುಚುಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಶೇ 20 ವೋಲ್ಟೇಜ್ ಬಿದ್ದರೆ ಬಲ ಶೇ 64ಕ್ಕೆ ಬರುತ್ತದೆ. ಇನ್ನೂ ಬಿದ್ದರೆ ಸ್ಟಾರ್ಟರಿನ ಕಾಯಿಲ್ ಹಿಡಿತ ಬಿಡುತ್ತದೆ. ಆ ಕಟಕಟ ಸದ್ದು ಅದೇ. ಎಂಜಿನ್ ಗುಟುರು ಹಾಕುವುದು ಮೋಟರ್ ವೇಗ ಹಿಡಿಯುತ್ತ ಬಂದಾಗ.

ಮೈಸೂರು ಸಂಸ್ಥಾನಕ್ಕೆ ಈ ಒಂಟಿತನ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕೊಟ್ಟಾಗ ಅದಕ್ಕೆ ಆಸರೆಯಾಗಿ ಬೇರೆ ಗ್ರಿಡ್ ಇರಲಿಲ್ಲ. ಈ ತುದಿಯಲ್ಲಿ ಜನರೇಟರು, ಆ ತುದಿಯಲ್ಲಿ ಗಣಿಯ ಯಂತ್ರಗಳು. ಆವರ್ತನವೂ ನಮ್ಮ ಈಗಿನ 50 ಹರ್ಟ್ಜ್ ಅಲ್ಲ, 25. ವಿದ್ಯುತ್ತಿನ ದೃಷ್ಟಿಯಿಂದ ಅದೊಂದು ಹಡಗೇ.

ಪರಿಹಾರ ದೊಡ್ಡ ಜನರೇಟರ್ ಮಾತ್ರವೇ? ಅದೂ ಒಂದು ದಾರಿ, ಆದರೆ ದುಬಾರಿ. ಮೇಲಾಗಿ ದೊಡ್ಡ ಡೀಸೆಲ್ ಎಂಜಿನನ್ನು ಸದಾ ಅರೆಹೊಟ್ಟೆ ಹೊರೆಯಲ್ಲಿ ಓಡಿಸಿದರೆ ಅದಕ್ಕೆ ಮಸಿ ಕಟ್ಟುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಆರಂಭದ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ, ತಿರುಚುಬಲವೂ ಅಷ್ಟೇ ಇಳಿಯುತ್ತದೆ. ನೀರೆತ್ತುವ ಪಂಪು ನಿಧಾನಗತಿಯಲ್ಲಿ ಹೆಚ್ಚು ಬಲ ಕೇಳದ ಕಾರಣ ನಡೆದೀತು. ಲಂಗರು ಎತ್ತುವ ರಾಟೆಗೂ ಹೊರೆ ಹೊತ್ತ ಕಂಪ್ರೆಸರಿಗೂ ಮೊದಲ ಸುತ್ತಿನಿಂದಲೇ ಬಲ ಬೇಕು, ಅಲ್ಲಿ ಇದು ಕೈಕೊಡಬಹುದು. ಅಂಥ ಕಡೆ ಆವರ್ತನವನ್ನೇ ಸೊನ್ನೆಯ ಹತ್ತಿರದಿಂದ ಮೆಲ್ಲಗೆ ಏರಿಸುವ ವಿಎಫ್‌ಡಿ ಬೇಕು. 2004ರಲ್ಲಿ ಯಾನ ಶುರುಮಾಡಿದ ಕ್ವೀನ್ ಮೇರಿ 2 ಹಡಗಿನ ತಲಾ 21.5 ಮೆಗಾವ್ಯಾಟಿನ ನಾಲ್ಕು ನೂಕುಮೋಟರುಗಳು ಹಡಗಿನದೇ ಜನರೇಟರುಗಳ ಮೇಲೆ ಓಡುವುದು ಇಂಥ ಆವರ್ತನ ಬದಲಿಸುವ ಸಲಕರಣೆಯ ಬಲದಿಂದಲೇ.

ಹಾಗಾಗಿ ಜನರೇಟರ್ ಅಂಗಡಿಗೆ ಹೋದಾಗ ಎಚ್‌ಪಿ ಮಾತ್ರ ಹೇಳಿ ಬರಬೇಡಿ. ಮೋಟರಿನ ನಾಮಫಲಕದ ಆಂಪಿಯರ್ ಮತ್ತು ನಿಮ್ಮ ಸ್ಟಾರ್ಟರ್ ಯಾವ ಬಗೆಯದು ಎನ್ನುವುದನ್ನು ಬರೆದುಕೊಂಡು ಹೋಗಿ. ಆ 60 ಕೆವಿಎ ಎಳೆತ ಒಂದೆರಡು ಸೆಕೆಂಡಿನದಷ್ಟೇ ಆದ್ದರಿಂದ ಅಷ್ಟು ದೊಡ್ಡದು ಬೇಡ, ಆದರೆ ನೇರ ಸ್ಟಾರ್ಟಿನ 10 ಎಚ್‌ಪಿಗೆ 25 ಕೆವಿಎ ಬೇಕೆಂದರೆ ವ್ಯಾಪಾರಿ ನಿಮಗೆ ಮೋಸ ಮಾಡುತ್ತಿಲ್ಲ.